ಅತಿಥಿ ಅಕ್ಕೋರ ಭರಣಿ

ನಮ್ಮ ಕಡೆ ಮನೆಗೆ ಅತಿಥಿ ಬಂದರೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು, ಜೊತೆಗೊಂದು ಬೆಲ್ಲದ ಚೂರು. ಹೊರಟು ನಿಂತರೆ 'ಇನ್ನೆರಡು ದಿನ ಇದ್ದು ಹೋಗ್ರಿ' ಎಂಬ ಒತ್ತಾಯ. ಸರಕಾರಿ ಶಾಲೆಯ ಅತಿಥಿಯ ಕತೆ ಬೇರೆ. ಅವಳು ತನ್ನ ನೀರಿನ ಬಾಟಲಿ ತಾನೇ ತರಬೇಕು. ಕೆಲವು ಸಲ ಬಣ್ಣದ ಸೀಮೆಸುಣ್ಣವನ್ನೂ ತರಬೇಕು. ಎಷ್ಟು ದಿನ ಇರುತ್ತಾಳೆಂಬುದು ಅವಳಿಗೂ ಗೊತ್ತಿಲ್ಲ, ಕರೆದವರಿಗೂ ಗೊತ್ತಿಲ್ಲ. ನಾನು ಇಂಥ ಅತಿಥಿಯಾಗಿ ಏಳು ವರ್ಷಗಳಾದವು. ಅತಿಥಿ ಶಿಕ್ಷಕಿ ಎಂಬುದು ಕಾಗದದ ಮೇಲಿನ ಹೆಸರು. ಮಕ್ಕಳಿಗೆ ಮಾತ್ರ ನಾನು ಅಕ್ಕೋರು. ಅವರು ಅದರಲ್ಲಿ ಕಾಯಂ, ತಾತ್ಕಾಲಿಕ ಎಂದು ಭೇದ ಮಾಡುವುದಿಲ್ಲ.

ಗೊತ್ತಿಲ್ಲದ ಪಾಲಕರಿಗಾಗಿ ಒಂದು ಮಾತು. ಶಾಲೆಯಲ್ಲಿ ಶಿಕ್ಷಕರ ಹುದ್ದೆ ಖಾಲಿ ಇದ್ದರೆ, ಅದು ತುಂಬುವ ತನಕ ಇಲ್ಲವೇ ಶಾಲಾ ವರ್ಷ ಮುಗಿಯುವ ತನಕ ಪಾಠ ಮಾಡಲು ನಮ್ಮಂಥವರನ್ನು ಕರೆಯುತ್ತಾರೆ. ಕೊಡುವುದಕ್ಕೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. 2025ರ ರಾಜ್ಯ ಬಜೆಟ್ಟಿನಲ್ಲಿ ಅದನ್ನು ತಿಂಗಳಿಗೆ 2,000 ರೂಪಾಯಿ ಹೆಚ್ಚಿಸುವುದಾಗಿ ಘೋಷಿಸಿದಾಗ ನಮ್ಮ ಮನೆಯಲ್ಲಿ ಅಂದು ರಾತ್ರಿ ಶಾವಿಗೆ ಪಾಯಸವಾಯಿತು. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಯೂ ಇಲ್ಲ, ಗೌರವವೂ ಇಲ್ಲ, ಧನವೂ ಇಲ್ಲ. ಕಾಯಂ ಆಗಲು ನಾನು ಪ್ರಯತ್ನ ಪಡಲಿಲ್ಲವೆಂದಲ್ಲ. 2022ರಲ್ಲಿ ಆರರಿಂದ ಎಂಟನೆಯ ತರಗತಿಗಳ 15,000 ಪದವೀಧರ ಶಿಕ್ಷಕರ ಹುದ್ದೆಗೆ ಪರೀಕ್ಷೆ ನಡೆದಾಗ ನಾನೂ ಕುಳಿತಿದ್ದೆ. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಬಂದವರಲ್ಲಿ ಒಬ್ಬಳು ನನ್ನ ಹತ್ತಿರವೇ ಗಣಿತ ಹೇಳಿಸಿಕೊಂಡವಳು. ಅವಳು ಪೇಡೆ ತಂದು ಕೊಟ್ಟಾಗ ನಾನು ಸಂತೋಷದಿಂದಲೇ ತಿಂದೆ. ಎರಡನೆಯದನ್ನು ಮಾತ್ರ ತಿನ್ನಲಾಗಲಿಲ್ಲ.

ಮನೆ ಕೆಲಗೇರಿಯಲ್ಲಿ. ಧಾರವಾಡದ ಪಡುವಣಕ್ಕೆ, ಗೋವಾ ರಸ್ತೆಯ ಕಡೆ. ಕೆರೆಯಿಂದಾಗಿ ಊರಿನ ಹೆಸರು ಹೊರಗಿನವರಿಗೂ ಗೊತ್ತು. ಬೆಳಿಗ್ಗೆ ಅದರ ದಂಡೆಯ ಮೇಲೆ ಕೈ ಬೀಸಿಕೊಂಡು ನಡೆಯುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಆ ಹೊತ್ತಿಗೆ ನಾನು ಒಲೆಯ ಮುಂದೆ ಐವತ್ತನೆಯ ರೊಟ್ಟಿ ಬಡಿಯುತ್ತಿರುತ್ತೇನೆ. ನಮ್ಮ ಮನೆಯವರದು ಮೋಟಾರು ರಿವೈಂಡಿಂಗ್ ಕೆಲಸ. ಬೇಸಿಗೆಯಲ್ಲಿ ಬೋರುಗಳ ಪಂಪು ಸುಟ್ಟಾಗ ಕೈತುಂಬ ಕೆಲಸ, ಮಳೆಗಾಲದಲ್ಲಿ ಅಂಗಡಿಯ ಮುಂದೆ ಕುಳಿತು ಮಳೆ ನೋಡುವುದು. ಮಗಳು ಹತ್ತನೆಯ ತರಗತಿ, ಮಗ ಐದನೆಯದು. ಮತ್ತು ಎಪ್ಪತ್ತೊಂದು ವರ್ಷದ ನಮ್ಮ ಅತ್ತಿ. ಅಡುಗೆಮನೆಯ ಮುಖ್ಯೋಪಾಧ್ಯಾಯಿನಿ ಅವರೇ. ಅಲ್ಲಿಯೂ ನಾನು ಅತಿಥಿ ಶಿಕ್ಷಕಿ.

ಅತ್ತಿಯವರ ಅಡುಗೆಮನೆಗೆ ಅದರದೇ ಪಂಚಾಂಗವಿದೆ. ಸಂಕ್ರಾಂತಿಯ ಸುತ್ತಮುತ್ತ ಹಸಿ ಕೆಂಪು ಮೆಣಸಿನಕಾಯಿ ಬಂದಾಗ ರಂಜಕ. ಆಮೇಲೆ ಒಣ ಮೆಣಸಿನಕಾಯಿ ತಂದು ವರ್ಷದ ಮಸಾಲಿ ಖಾರ. ಅದಕ್ಕೆ ಬ್ಯಾಡಗಿಯದೇ ಆಗಬೇಕು. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಅದರ ಗುಣ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. ನಾಲಿಗೆಗೆ ಚುರುಕು ಬೇಕಾದವರಿಗೆ ಗುಂಟೂರಿನದನ್ನು ಒಂದು ಪಾಲು ಬೆರೆಸುತ್ತೇವೆ. ಬಿಸಿಲು ಏರಿದ ಮೇಲೆ ಶಾವಿಗೆ, ಹಪ್ಪಳ, ಸಂಡಿಗೆ. ಮೇ ತಿಂಗಳಲ್ಲಿ ಮಾವಿನ ಉಪ್ಪಿನಕಾಯಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿಗೆ ಕಾಲವಿಲ್ಲ. ಥಂಡಿ ಬಿದ್ದ ಮೇಲೆ ಕರಿಂಡಿ. ಎಳ್ಳ ಅಮಾವಾಸ್ಯೆ ಬಂತೆಂದರೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ.

ಮೊದಲು ಇದೆಲ್ಲ ಮನೆಗಷ್ಟೇ ಆಗುತ್ತಿತ್ತು. ನಾಲ್ಕು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ, ಬರಬೇಕಾದ ಮೂರು ತಿಂಗಳ ಗೌರವಧನ ಇನ್ನೂ ಬಾರದಿದ್ದಾಗ, ಬಾಡಿಗೆ ಕೊಡಲು ನಾಲ್ಕು ಕಿಲೋ ಶಾವಿಗೆ ಮಾರಿದೆವು. ಮುಂದಿನ ವರ್ಷ ಅವರೇ ಹುಡುಕಿಕೊಂಡು ಬಂದರು. ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿದೆ. ನಾನು ಮಾಡಿಸಿದಾಗ ವರ್ಷಕ್ಕೆ ನೂರು ರೂಪಾಯಿ ಶುಲ್ಕವಿತ್ತು. ಶಾಲೆಯ ಲೆಕ್ಕ ಬರಿದಾಗುವ ಏಪ್ರಿಲ್‌ನಲ್ಲಿಯೇ ಮಾಳಿಗೆಯ ಮೇಲೆ ಕೋಲುಗಳ ತುಂಬ ಶಾವಿಗೆ ಜೋತು ಬೀಳುವುದನ್ನು ಕಂಡಾಗ, ನಮ್ಮ ಹಿರಿಯರು ಅತಿಥಿ ಶಿಕ್ಷಕಿಯರನ್ನು ನೆನೆಸಿಯೇ ಈ ಪಂಚಾಂಗ ಬರೆದರೇನೋ ಅನಿಸುತ್ತದೆ. ಅಡ್ಡಮಳೆ ಬಂದರೆ ಮಾತ್ರ ಆ ಪಂಚಾಂಗವೂ ಕೈಕೊಡುತ್ತದೆ. ಒಂದು ಸಲ ಹನ್ನೆರಡು ಕಿಲೋ ಶಾವಿಗೆ ಮುಗ್ಗಲು ಹಿಡಿದು ಎಮ್ಮೆಯ ಪಾಲಾಯಿತು. ಎಮ್ಮೆಯೂ ಅನುಮಾನದಿಂದ ಮೂಸಿ ನೋಡಿಯೇ ತಿಂದಿತು.

ಕಳೆದ ಶಾಲಾ ವರ್ಷದ ಸುದ್ದಿ ಹೇಳಬೇಕೆಂದು ಕುಳಿತವಳು ಎಲ್ಲಿಗೋ ಹೋದೆ. ಜೂನ್ ತಿಂಗಳಲ್ಲಿ ಮಗಳ ಶಾಲೆಯಿಂದ ಒಂದು ಮಾಹಿತಿ ನಮೂನೆ ಬಂದಿತ್ತು. ಹೆಸರು, ಜನ್ಮದಿನಾಂಕ, ರಕ್ತದ ಗುಂಪು, ತಂದೆಯ ಉದ್ಯೋಗ, ತಾಯಿಯ ಉದ್ಯೋಗ. ತಂದೆಯ ಮುಂದೆ 'ಸ್ವಂತ ಉದ್ಯೋಗ' ಎಂದು ದುಂಡಗೆ ಬರೆದಿದ್ದಳು. ತಾಯಿಯ ಮುಂದೆ 'ಗೃಹಿಣಿ'. ಸಹಿ ಮಾಡಲು ಪೆನ್ನು ಹಿಡಿದವಳು ಅಲ್ಲಿಯೇ ನಿಂತೆ.

"ಇದೇನ ಬರದೀಯವ್ವ?"

"ಮತ್ತೇನ ಬರೀಲಿ? ವರ್ಷಾ ಒಂದೊಂದು ಸಾಲ್ಯಾಗ ಇರ್ತಿ. ಯಾವ ಸಾಲಿ ಅಂತ ಯಾರರ ಕೇಳಿದ್ರ ಏನ ಹೇಳ್ಲಿ?"

ಗೃಹಿಣಿ ಎಂಬ ಮಾತಿನಲ್ಲಿ ಕಡಿಮೆಯೇನೂ ಇಲ್ಲ. ಆದರೆ ಅವಳು ಅದನ್ನು ಆರಿಸಿದ್ದು ಗೌರವದಿಂದಲ್ಲ, ನಾಲ್ಕು ಜನರ ಮುಂದೆ ವಿವರಣೆ ಕೊಡುವ ತಾಪತ್ರಯ ಬೇಡವೆಂದು. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ಬಾಯಲ್ಲಿ ಬೇಂದ್ರೆಯವರು ಬರುತ್ತಾರೆ. ಸಾಧನಕೇರಿ ನಮಗೇನು ದೂರವೇ? ಬೇಂದ್ರೆ ಮಾಸ್ತರರು 'ನರಬಲಿ' ಕವಿತೆಗಾಗಿ 1932ರಲ್ಲಿ ಜೈಲಿಗೆ ಹೋದರು, ಹೊರಬಂದ ಮೇಲೆ ಎಷ್ಟೋ ವರ್ಷ ಗಟ್ಟಿ ನೌಕರಿಯಿಲ್ಲದೆ ತಿರುಗಿದರು, ಸೊಲ್ಲಾಪುರದ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದು 1944ರಲ್ಲಿ, ಅಲ್ಲಿಯ ತನಕ ಅವರೇನು ಮಾಸ್ತರರು ಅಲ್ಲದೆ ಹೋದರೇ ಎಂದು ಒಂದು ಸಣ್ಣ ಭಾಷಣವನ್ನೇ ಮಾಡಿದೆ.

"ಅವರಿಗೆ ಜ್ಞಾನಪೀಠ ಬಂತು. ನಿನಗ ಏನ ಬಂತು?" ಅಂದಳು ಮಗಳು.

ಒಳಗಿನಿಂದ ಅತ್ತಿಯವರು ನಕ್ಕದ್ದು ಕೇಳಿಸಿತು. ನಾನು ಸಹಿ ಮಾಡಿ ಕೊಟ್ಟೆ.

ಆ ವರ್ಷ ನನಗೆ ಸಿಕ್ಕ ಶಾಲೆ ಮನೆಯಿಂದ ಒಂದು ಬಸ್ಸಿನ ದೂರ. ಆರು, ಏಳನೆಯ ತರಗತಿಗೆ ಗಣಿತ ಮತ್ತು ವಿಜ್ಞಾನ. ಏಳನೆಯದರಲ್ಲಿ 38 ಮಕ್ಕಳು. ಆಮ್ಲ, ಪ್ರತ್ಯಾಮ್ಲದ ಪಾಠಕ್ಕೆ ನಮ್ಮ ಅಡುಗೆಮನೆಗಿಂತ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಅರಿಸಿನದ ನೀರಿಗೆ ಸುಣ್ಣದ ತಿಳಿ ಬಿದ್ದರೆ ಕೆಂಪು. ಅದು ಹೆಣ್ಣುಮಕ್ಕಳಿಗೆ ಮೊದಲೇ ಗೊತ್ತಿತ್ತು, ಆರತಿಯ ನೀರನ್ನು ಹಾಗೆಯೇ ಕೆಂಪು ಮಾಡುವುದಲ್ಲವೇ? ಆದರೆ ನಿಂಬೆಹುಳಿ ಹಿಂಡಿದರೆ ಅರಿಸಿನ ಹಳದಿಯಾಗಿಯೇ ಉಳಿಯುತ್ತದೆ. ಹುಳಿಯನ್ನು ಹಿಡಿಯಲು ದಾಸವಾಳ ಬೇಕು. ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿ, ಆ ರಸದಲ್ಲಿ ಬಿಳಿ ಕಾಗದದ ಪಟ್ಟಿ ಅದ್ದಿ ಒಣಗಿಸಿಟ್ಟರೆ ಆಯಿತು. ಹುಳಿ ತಾಗಿದರೆ ಗಾಢ ಗುಲಾಬಿ, ಸಾಬೂನಿನ ನೀರು ತಾಗಿದರೆ ಹಸಿರು. ಒಂದು ವಾರ ಶಾಲೆಯ ಸುತ್ತಲಿನ ಮನೆಗಳ ದಾಸವಾಳ ದೇವರಿಗೆ ಸಿಗಲಿಲ್ಲವಂತೆ.

ಛಟ್ಟಿ ಅಮಾವಾಸ್ಯೆ ಮುಗಿದು ಥಂಡಿ ಶುರುವಾಗಿತ್ತು. ಮನೆಯಲ್ಲಿ ಕರಿಂಡಿ ಹಾಕುವ ತಯಾರಿ ನಡೆದಿತ್ತು. ದಕ್ಷಿಣದ ಓದುಗರಿಗೆ ಕರಿಂಡಿ ಗೊತ್ತಿರಲಿಕ್ಕಿಲ್ಲ. ಹಸಿಮೆಣಸಿನಕಾಯಿ, ಅಗಸಿ, ಉಪ್ಪು ಕೂಡಿಸಿ ಅರೆದು, ಅದರಲ್ಲಿ ಸೌತೆಕಾಯಿ, ಗಜ್ಜರಿಯ ಹೋಳು ಕಲಿಸಿ, ಮೂರು ನಾಲ್ಕು ದಿನ ಹುಳಿ ಬರಲು ಬಿಡುವ ಪದಾರ್ಥ. ವಾಸನೆ ಜೋರು. ರುಚಿ ಹತ್ತಿದವರು ಬಿಡುವುದಿಲ್ಲ, ಹತ್ತದವರು ಹತ್ತಿರ ಸುಳಿಯುವುದಿಲ್ಲ. ಒಂದು ಗಾಜಿನ ಭರಣಿಯಲ್ಲಿ ಇದನ್ನೇ ತರಗತಿಯಲ್ಲಿ ಹಾಕಿದರೆ ಹೇಗೆ ಅನಿಸಿತು. ಮುಖ್ಯೋಪಾಧ್ಯಾಯರನ್ನು ಕೇಳಿದೆ. "ಮಕ್ಕಳಿಗೆ ತಿನ್ನಾಕ ಕೊಡೂದಿದ್ರ ಮೊದಲ ನೀವು ತಿಂದು ತೋರಸ್ರಿ" ಎಂಬ ಷರತ್ತಿನ ಮೇಲೆ ಒಪ್ಪಿದರು.

ಸೋಮವಾರ ಭರಣಿ ಕಿಟಕಿಯ ಕಟ್ಟೆಯ ಮೇಲೆ ಕುಳಿತಿತು. ಬಾಯಿಗೆ ತೆಳು ಬಟ್ಟೆ. ಪಕ್ಕದಲ್ಲಿ ಒಂದು ನೂರು ಪುಟದ ನೋಟ್‌ಬುಕ್ಕು. ದಿನಾಲೂ ನಾಲ್ಕು ಮಕ್ಕಳು ನೋಡಿ ಬರೆಯಬೇಕು. ಬಣ್ಣ ಹೇಗಿದೆ, ಗುಳ್ಳೆ ಎಷ್ಟಿವೆ, ವಾಸನೆ ಯಾವ ಥರ, ದಾಸವಾಳದ ಕಾಗದ ಏನು ಹೇಳುತ್ತದೆ. ಮೊದಲ ದಿನ ಕಾಗದ ಹೆಚ್ಚೇನೂ ಹೇಳಲಿಲ್ಲ. ಎರಡನೆಯ ದಿನ ಗುಳ್ಳೆ ಕಂಡವು. ಹಿಂದಿನ ಸಾಲಿನಲ್ಲಿ ಕುಳಿತು ಎಂದೂ ಬಾಯಿ ಬಿಡದ ಒಬ್ಬ ಹುಡುಗ ಎದ್ದು ನಿಂತ.

"ಅಕ್ಕೋರ, ಇದು ಕೆಡಾಕತ್ತೈತೋ, ಹುಳಿ ಬರಾಕತ್ತೈತೋ?"

ಏಳು ವರ್ಷದಲ್ಲಿ ನನಗೆ ಬಂದ ಪ್ರಶ್ನೆಗಳಲ್ಲಿ ಇಷ್ಟು ಒಳ್ಳೆಯದು ಇನ್ನೊಂದಿಲ್ಲ. ಎರಡನ್ನೂ ಮಾಡುವುದು ಕಣ್ಣಿಗೆ ಕಾಣದ ಜೀವಿಗಳೇ ಎಂದೆ. ಉಪ್ಪು ತಕ್ಕಷ್ಟು ಇದ್ದರೆ ಕೆಡಿಸುವಂಥವು ಬಹಳಷ್ಟು ಬೆಳೆಯಲಾರವು. ಹುಳಿ ಮಾಡುವ ಬ್ಯಾಕ್ಟೀರಿಯಾ ಆ ಉಪ್ಪನ್ನು ತಡೆದುಕೊಳ್ಳುತ್ತವೆ. ತರಕಾರಿಯಲ್ಲಿರುವ ಸಕ್ಕರೆಯ ಅಂಶ ತಿಂದು ಅವು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಮೊಸರಿನಲ್ಲಿರುವುದೂ ಅದೇ ಆಮ್ಲ. ಆಮ್ಲ ಹೆಚ್ಚಾದಂತೆ ಉಳಿದವಕ್ಕೆ ಅಲ್ಲಿ ಇರಲು ಜಾಗ ಸಾಲದು. ಉಪ್ಪು ಕಡಿಮೆಯಾದರೆ ಆಟ ತಿರುವುಮುರುವು. ಹುಡುಗ ಕೂತ. ಮತ್ತೆ ಎದ್ದ. "ಹಂಗಾರ ನಾಳೆ ಗೊತ್ತಾಗ್ತೈತ್ರಿ?" "ನಾಳೆ, ನಾಡಿದ್ದು. ಶುಕ್ರವಾರ ತೆಗೆದು ನೋಡೂಣು" ಎಂದೆ.

ಬುಧವಾರ ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ವರ್ಗಾವಣೆಯ ಆದೇಶ ಹಿಡಿದು ಕಾಯಂ ಶಿಕ್ಷಕಿ ಬಂದರು. ಯಾರದೂ ತಪ್ಪಲ್ಲ. ಹುದ್ದೆ ತುಂಬಿತು, ಅತಿಥಿಯ ಕೆಲಸ ಮುಗಿಯಿತು. ಮುಖ್ಯೋಪಾಧ್ಯಾಯರು ಬೇಸರಪಟ್ಟುಕೊಂಡೇ ಹೇಳಿದರು. ಹಾಜರಿ ಪುಸ್ತಕ, ಅಂಕಗಳ ವಹಿ, ಕಪಾಟಿನ ಕೀಲಿ ಒಪ್ಪಿಸಿದೆ. ಏಳನೆಯ ತರಗತಿಯವರು ಆಗ ಮೈದಾನದಲ್ಲಿ ಆಡುತ್ತಿದ್ದರು. ಹೇಳಿ ಹೋಗಬೇಕೆಂದುಕೊಂಡೆ, ಧೈರ್ಯವಾಗಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ ಭರಣಿ ನೆನಪಾಯಿತು.

ಮನೆಗೆ ಬಂದು ಸೀರೆ ಬದಲಿಸದೆ ಶೇಂಗಾ ಹುರಿಯಲು ಕುಳಿತೆ. ಮನೆಯವರು ಬಂದವರು ನನ್ನ ಮುಖ ನೋಡಿ, ಏನೂ ಕೇಳದೆ ಹುರಿದ ಶೇಂಗಾದ ಸಿಪ್ಪೆ ತಿಕ್ಕುತ್ತ ಕುಳಿತರು. ಏಳು ವರ್ಷದಲ್ಲಿ ಇದು ನಾಲ್ಕನೆಯ ಸಲವಾದ್ದರಿಂದ ಅವರಿಗೆ ಮುಖದ ಲಿಪಿ ಓದಲು ಬರುತ್ತದೆ. ಅತ್ತಿಯವರು ಮಾತ್ರ, "ಆ ಭರಣಿ ಚಲೋದಿತ್ತು. ಹೊಳ್ಳಿ ಕೊಡ್ತಾರೋ ಇಲ್ಲೋ?" ಅಂದರು. ಸಮಾಧಾನ ಹೇಳುವ ರೀತಿ ಒಬ್ಬೊಬ್ಬರದು ಒಂದೊಂದು ಥರ.

ಗುರುವಾರ ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹೊಸ ಶಿಕ್ಷಕಿ. "ಅಕ್ಕಾರ, ತಪ್ಪು ತಿಳಕೋಬ್ಯಾಡ್ರಿ. ನಾ ವಿಜಯಪುರ ಕಡೆಯಾಕಿ, ಕರಿಂಡಿ ತಿಂದೇನಿ, ಹಾಕಿಲ್ಲ. ಈ ಹುಡುಗೂರು ನನಗ ಭರಣಿ ಮುಟ್ಟಾಕ ಬಿಡವಲ್ಲರು. ಏನ ಮಾಡ್ಲಿ ಹೇಳ್ರಿ" ಅಂದರು. ಅವರು ಅದನ್ನು ತಿಪ್ಪೆಗೆ ಚೆಲ್ಲಿಸಬಹುದಿತ್ತು. ವಾಸನೆಗೆ ಹೆದರಿ ಚೆಲ್ಲಿಸಿದರೂ ಯಾರೂ ಕೇಳುವಂತಿರಲಿಲ್ಲ. ಒಣ ಚಮಚದಿಂದ ದಿನಕ್ಕೊಮ್ಮೆ ಕೈಯಾಡಿಸಿರಿ, ಮೇಲೆ ಬೂಸ್ಟು ಕಂಡರೆ ತಿನ್ನುವುದು ಬೇಡ, ಕಾಣದಿದ್ದರೆ ಶುಕ್ರವಾರ ಒಂದು ರೊಟ್ಟಿ ಒಯ್ದು ಮೊದಲು ನೀವು ನೋಡಿ ಎಂದು ಹೇಳಿದೆ. ಇಪ್ಪತ್ತು ನಿಮಿಷ ಮಾತಾಡಿದೆವು. ಕೊನೆಗೆ ಭಿನ್ನರಾಶಿಯಲ್ಲಿ ಯಾರು ಯಾರು ಹಿಂದೆ ಇದ್ದಾರೆಂಬುದನ್ನೂ ಕೇಳಿ ಬರೆದುಕೊಂಡರು.

ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಒಬ್ಬಳು ತರಗತಿಯ ಮುಂದಾಳು ಹುಡುಗಿ, ಇನ್ನೊಬ್ಬ ಅದೇ ಹಿಂದಿನ ಸಾಲಿನವನು. ಜೊತೆಗೆ ಹುಡುಗಿಯ ಅಪ್ಪ, ಸೈಕಲ್ ಮೋಟಾರಿನ ಮೇಲೆ ಕರೆತಂದವರು. ತೊಳೆದ ಭರಣಿ ಒಂದು ಕೈಚೀಲದಲ್ಲಿತ್ತು. ಅತ್ತಿಯವರು ಅದನ್ನು ಬೆಳಕಿಗೆ ಹಿಡಿದು ಸೀಳು ಬಂದಿದೆಯೋ ಎಂದು ನೋಡಿ, ಆಮೇಲೆಯೇ ಮಕ್ಕಳಿಗೆ ಕೂಡ್ರಲು ಹೇಳಿದರು.

ನೋಟ್‌ಬುಕ್ಕು ತಂದಿದ್ದರು. ನನ್ನ ಮಗಳು ನನಗಿಂತ ಮೊದಲು ಕೈಗೆತ್ತಿಕೊಂಡಳು. ನಾಲ್ಕು ಜನ ಬರೆಯಬೇಕೆಂದಿದ್ದರೆ ಗುರುವಾರದಿಂದ ಇಡೀ ತರಗತಿಯೇ ಬರೆದಿತ್ತು. 'ಗುಳ್ಳೆ 41, ಎಣಿಸುವಾಗ ಕೆಲವು ಒಡೆದವು.' 'ವಾಸನೆ ನಮ್ಮ ಅಜ್ಜಿಯ ಮನೆಯ ಹಾಗೆ.' 'ಕಾಗದ ಗುಲಾಬಿ ಆಯಿತು. ನಿನ್ನೆಗಿಂತ ಜಾಸ್ತಿ. ಹಾಗಾದರೆ ಕೆಟ್ಟಿಲ್ಲ.' ಶುಕ್ರವಾರದ ಪುಟದಲ್ಲಿ ಒಂದು ಕೋಷ್ಟಕ: ರುಚಿ ಸೇರಿದವರು 23, ಸೇರದವರು 9, ತಿನ್ನದವರು 6. ಕೆಳಗೆ ಹಿಂದಿನ ಸಾಲಿನ ಹುಡುಗನ ಅಕ್ಷರದಲ್ಲಿ: 'ಒಟ್ಟು 38. ಅಕ್ಕೋರು ತಿಂದಿಲ್ಲ.'

ಹುಡುಗ ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದ. ನನ್ನ ಪಾಲು. ನಾಲ್ಕು ದಿನ ಹುಳಿ ಬಂದದ್ದು, ಎರಡು ದಿನ ಡಬ್ಬಿಯಲ್ಲಿ ಕುಳಿತದ್ದು. ಸ್ವಲ್ಪ ಹೆಚ್ಚೇ ಹುಳಿಯಾಗಿತ್ತು. ಮಾಡಿದ್ದು ಷರತ್ತಿನಂತೆ ಮೊದಲು ನಾನು ತಿನ್ನಬೇಕಾಗಿತ್ತು, ಕೊನೆಗೆ ತಿಂದೆ. ಮಕ್ಕಳು ಎರಡೆರಡು ರೊಟ್ಟಿ ತಿಂದು ಕೆರೆ ನೋಡಿ ಹೋದರು.

ಅವರು ಹೋದ ಮೇಲೆ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ರಾತ್ರಿ ಅವಳು ಕೇಳಿದ್ದು ನಾನು ಎಣಿಸದ ಪ್ರಶ್ನೆ. "ಅವ್ವ, ಸಾಲ್ಯಾಗ ಇಷ್ಟೆಲ್ಲಾ ಲೆಕ್ಕಾ ಬರಸ್ತಿ. ಮನ್ಯಾಗ ಚಟ್ನಿದು ಎಲ್ಲಿ ಬರದೀ?" ಎಲ್ಲಿಯೂ ಬರೆದಿರಲಿಲ್ಲ. ತಂದದ್ದಕ್ಕಿಂತ ಹೆಚ್ಚು ಬಂದರೆ ಲಾಭ, ಇಷ್ಟೇ ನಮ್ಮ ಲೆಕ್ಕ. ಅವಳು ಪೆನ್ನು ತೆಗೆದುಕೊಂಡು ಅಜ್ಜಿಯ ಪಕ್ಕ ಕುಳಿತಳು.

ಶೇಂಗಾ 5 ಕಿಲೋ, 750 ರೂಪಾಯಿ. ಬಳ್ಳೊಳ್ಳಿ, ಖಾರ, ಜೀರಿಗೆ, ಉಪ್ಪು 150. ಹುರಿದು ಸಿಪ್ಪೆ ತೆಗೆದ ಮೇಲೆ ಶೇಂಗಾ ಐದು ಕಿಲೋ ಉಳಿಯುವುದಿಲ್ಲ, ನೀರು ಆರಿ, ಸಿಪ್ಪೆ ಹಾರಿ ನಾಲ್ಕೂವರೆಯ ಮೇಲೆ ಒಂದಿಷ್ಟು. ಇದನ್ನು ನಾವು ಎಂದೂ ತೂಗಿರಲಿಲ್ಲ. ಮಸಾಲೆ ಕೂಡಿ ಚಟ್ನಿ 4.9 ಕಿಲೋ. ಕಿಲೋಗೆ 260ರಂತೆ 1,274. ನಾನು 374 ಲಾಭವೆಂದು ಹಿಗ್ಗುತ್ತಿದ್ದೆ. ಗ್ಯಾಸು, ಪಾಕೀಟು, ಚೀಟಿ, ಮುಟ್ಟಿಸುವ ಆಟೋ ಸೇರಿ 150 ಕಳೆದಳು. ಉಳಿದದ್ದು 224. "ನಿಂದು ಮೂರು ತಾಸು, ಅಜ್ಜಿದು ಮೂರು ತಾಸು. ತಾಸಿಗೆ 37 ರೂಪಾಯಿ" ಎಂದು ಪೆನ್ನು ಕೆಳಗಿಟ್ಟಳು.

ಅತ್ತಿಯವರು ಒಪ್ಪಲಿಲ್ಲ. ಅಡುಗೆಮನೆಯಲ್ಲಿ ಕುಳಿತದ್ದಕ್ಕೂ ತಾಸು ಎಣಿಸುವುದೆಂದರೇನು, ಹಾಗೆ ಎಣಿಸಿದರೆ ಐವತ್ತು ವರ್ಷದ ಬಾಕಿ ಯಾರು ಕೊಡುತ್ತಾರೆ ಎಂದು ಕೇಳಿದರು. ಆ ಪ್ರಶ್ನೆಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ. ನಮ್ಮ ಮನೆಯವರಂತೂ ಎದ್ದು ಹೊರಗೆ ಹೋದರು. ವಾದ ನಡೆದು ಕಿಲೋಗೆ 300 ಮಾಡಿದೆವು. ತಾಸಿಗೆ 70 ಬಿತ್ತು. ಇಬ್ಬರು ಗಿರಾಕಿಗಳು ಬಿಟ್ಟರು, ಒಬ್ಬರು ಮುನಿಸಿಕೊಂಡರು. ಮುನಿಸಿಕೊಂಡವರು ಸಂಕ್ರಾಂತಿಗೆ ತಿರುಗಿ ಬಂದರು.

ಪರೀಕ್ಷೆಯ ವರ್ಷದ ಮಗಳನ್ನು ಚಟ್ನಿಯ ಲೆಕ್ಕಕ್ಕೆ ಕೂಡಿಸಿದ್ದು ಸರಿಯೇ ಎಂದು ಕೆಲವು ಪಾಲಕರಿಗೆ ಅನಿಸಬಹುದು. ನನಗೂ ಅನಿಸಿತ್ತು. ಆದರೆ ಶೇಕಡಾವಾರು, ಲಾಭ-ನಷ್ಟ ಎಂದರೆ ಮುಖ ತಿರುಗಿಸುತ್ತಿದ್ದವಳು ತಾನಾಗಿಯೇ ಅರ್ಧ ತಾಸು ಅದರಲ್ಲಿ ಮುಳುಗಿದ್ದನ್ನು ಕಂಡು ಸುಮ್ಮನಾದೆ. ಪಾತ್ರೆ ತೊಳೆಯುವುದಕ್ಕೆ ಮಾತ್ರ ಅವಳಿಗೆ ಮಾರ್ಚ್ ತನಕ ರಜೆ ಕೊಟ್ಟಿದ್ದೆವು. ಆ ರಜೆಯನ್ನು ಅವಳು ಇನ್ನೂ ಮುಗಿಸಿಲ್ಲ.

ಡಿಸೆಂಬರದಲ್ಲಿ ಇನ್ನೊಂದು ಶಾಲೆಯಿಂದ ಕರೆ ಬಂತು. ಅಲ್ಲಿಯ ಶಿಕ್ಷಕಿ ಹೆರಿಗೆ ರಜೆಯ ಮೇಲೆ ಹೋಗುವವರಿದ್ದರು. ಅದೇ ದಿನ ಎಳ್ಳ ಅಮಾವಾಸ್ಯೆಗೆ ಐದುನೂರು ಸಜ್ಜೆ ರೊಟ್ಟಿಯ ಬೇಡಿಕೆಯೂ ಬಂತು. ಲೆಕ್ಕ ಹಾಕಿದರೆ ರೊಟ್ಟಿಯೇ ಲಾಭ. ಮಗಳೇ ಲೆಕ್ಕ ಹಾಕಿ ತೋರಿಸಿದಳು. "ಮತ್ತ ಮಾರ್ಚಿನಾಗ ಹೊರಗ ಹಾಕ್ತಾರ. ಯಾಕ ಹೋಗ್ತಿ?" ಎಂದೂ ಕೇಳಿದಳು. ನನಗೆ ಹೇಳಲು ಬರಲಿಲ್ಲ. ಆ ನೋಟ್‌ಬುಕ್ಕು ಇನ್ನೂ ನಮ್ಮ ಮನೆಯಲ್ಲೇ ಇತ್ತು, ಹಿಂತಿರುಗಿಸಬೇಕಾಗಿತ್ತು, ಅದನ್ನು ಎತ್ತಿ ಅವಳ ಮುಂದಿಟ್ಟೆ. ಅವಳು ಅದನ್ನು ತೆರೆಯಲಿಲ್ಲ. ಮೂರುನೂರು ರೊಟ್ಟಿಯನ್ನು ಪಕ್ಕದ ಓಣಿಯ ಇಬ್ಬರು ಅಕ್ಕಂದಿರಿಗೆ ಹಂಚಿ ಕೊಡುವ ಏರ್ಪಾಡನ್ನು ಮಾತ್ರ ತಾನೇ ಹೋಗಿ ಮಾಡಿ ಬಂದಳು. ತಾಸಿನ ಲೆಕ್ಕ ಹಿಡಿದೇ ಕೂಲಿ ಮಾತಾಡಿದಳಂತೆ. ನಾನು ಶಾಲೆಗೆ ಹೋದೆ.

ಮಕ್ಕಳೊಂದಿಗೆ ಮನೆಯಲ್ಲಿ ಮಾಡಿ ನೋಡಬೇಕೆನ್ನುವವರಿಗೆ ಕರಿಂಡಿಯ ಅಳತೆ ಕೊಡುತ್ತೇನೆ. ಥಂಡಿಯ ದಿನಗಳಲ್ಲಿ ಹಾಕಿದರೆ ಚೆನ್ನ. ಸೌತೆಕಾಯಿ, ಗಜ್ಜರಿ ಕೂಡಿ ಅರ್ಧ ಕಿಲೋ, ತೊಳೆದು ನೀರು ಆರಿಸಿ ಹೆಚ್ಚಿದ್ದು. ಹಸಿಮೆಣಸಿನಕಾಯಿ 100 ಗ್ರಾಂ, ಅಗಸಿ 50 ಗ್ರಾಂ, ಉಪ್ಪು 20 ಗ್ರಾಂ ಕೂಡಿಸಿ ತರಿತರಿಯಾಗಿ ಅರೆದುಕೊಳ್ಳಿ. ಸಾಸಿವೆ ಪುಡಿ ಎರಡು ಚಮಚ. ಎಲ್ಲ ಕಲಿಸಿ ಒಣಗಿದ ಗಾಜಿನ ಇಲ್ಲವೇ ಪಿಂಗಾಣಿ ಭರಣಿಯಲ್ಲಿ ಹಾಕಿ, ಮೇಲೆ ನಾಲ್ಕು ಬೆರಳು ಜಾಗ ಬಿಡಿ, ಗುಳ್ಳೆ ಎದ್ದಾಗ ಉಕ್ಕುತ್ತದೆ. ಬಾಯಿಗೆ ಬಟ್ಟೆ ಕಟ್ಟಿ. ದಿನಕ್ಕೊಮ್ಮೆ ಒಣ ಚಮಚದಿಂದ ಕೈಯಾಡಿಸಿ. ಮೂರನೆಯ ದಿನ ರುಚಿ ನೋಡಿ, ಹುಳಿ ಸಾಕೆನಿಸಿದಾಗ ಫ್ರಿಜ್ಜಿನಲ್ಲಿಡಿ. ಮೇಲೆ ಕಪ್ಪು, ಹಸಿರು, ಗುಲಾಬಿ ಬೂಸ್ಟು ಬಂದರೆ ಮೇಲಿನದನ್ನಷ್ಟೇ ತೆಗೆದು ತಿನ್ನಬೇಡಿ, ಪೂರ್ತಿ ಚೆಲ್ಲಿಬಿಡಿ. ಮೆಣಸಿನಕಾಯಿ ಅರೆದ ಕೈ ಉರಿದರೆ ಬರಿ ನೀರಿನಿಂದ ಹೋಗುವುದಿಲ್ಲ. ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಮೊದಲು ಎಣ್ಣೆ ಸವರಿ, ಆಮೇಲೆ ಸಾಬೂನಿನಿಂದ ತೊಳೆಯಿರಿ. ಪಕ್ಕದಲ್ಲೊಂದು ನೋಟ್‌ಬುಕ್ಕು ಇಡುವುದನ್ನು ಮರೆಯಬೇಡಿ.

ಈ ಅಳತೆಯನ್ನು ಬರೆದಾದ ಮೇಲೆ ಅತ್ತಿಯವರಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. "ಉಪ್ಪು ಒಂದು ಚಿಟಿಕಿ ಕಡಿಮಿ ಆತು" ಅಂದರು.